ಹೆಸರಿಲ್ಲದ ಸರಕಿಗೆ ಹೆಸರು ಬಂದ ಬಗೆ

ಮಡಕಶಿರಾ, ಹಿಂದೂಪುರ ಸೀಮೆಯ ಹಿಪ್ಪುನೇರಳೆ ಬೆಳೆಗಾರರಿಗೆ ‘ಚೀನಾ ರೇಷ್ಮೆ’ ಎಂಬುದು ಹಳೆಯ ಮಾತು. ಅಗ್ಗವಾಗಿ ಬಂದಿಳಿಯುವ ಆ ನೂಲಿನಿಂದ ಗೂಡಿನ ಧಾರಣೆ ಕುಸಿಯುತ್ತದೆಂಬ ದೂರು ದೇಶದ ರೇಷ್ಮೆ ಬೆಳೆಗಾರರೆಲ್ಲರದಾಗಿತ್ತು. 2003ರಲ್ಲಿ ಕೇಂದ್ರ ಸರ್ಕಾರವು ಚೀನಾದ ಕಚ್ಚಾ ರೇಷ್ಮೆಯ ಮೇಲೆ ಆಂಟಿ ಡಂಪಿಂಗ್ ಸುಂಕವನ್ನು ವಿಧಿಸಿತು. ಆ ನೂಲು ಯಾರ ಗಿರಣಿಯದೆಂಬುದು ಸೀರೆ ಉಟ್ಟವರಿಗೆ ತಿಳಿಯುತ್ತಿರಲಿಲ್ಲ. ಅಗ್ಗದ ಬೆಲೆಯೊಂದೇ ಅದರ ಗುರುತಾಗಿತ್ತು.

ಇಂದು ಅವೇ ಊರುಗಳ ಮನೆಗಳಲ್ಲಿ ಶಿಯೋಮಿ, ವಿವೊ, ಒಪ್ಪೊ ಎಂಬ ಹೆಸರುಗಳನ್ನು ಮಕ್ಕಳೂ ಬಲ್ಲರು. 2010ರಲ್ಲಿ ಸ್ಥಾಪನೆಯಾದ ಶಿಯೋಮಿಯ ಹೆಸರಿಗೆ ಚೀನೀ ಭಾಷೆಯಲ್ಲಿ ‘ನವಣೆ’ ಎಂದರ್ಥ. ಅನಂತಪುರದ ಒಣಭೂಮಿಯ ರೈತರಿಗೆ ಚಿರಪರಿಚಿತವಾದ ಧಾನ್ಯವದು. 2015ರಲ್ಲಿ ಆ ಕಂಪನಿಯ ಫೋನುಗಳ ತಯಾರಿಕೆ ಆಂಧ್ರಪ್ರದೇಶದ ಶ್ರೀಸಿಟಿಯಲ್ಲಿಯೇ ಆರಂಭವಾಯಿತು.

ಈ ಬದಲಾವಣೆ ಒಂದೇ ದಿನದಲ್ಲಿ ಆದುದಲ್ಲ. 1985ರಲ್ಲಿ ಚಿಂಗ್ಡಾವ್ ನಗರದ ರೆಫ್ರಿಜರೇಟರ್ ಕಾರ್ಖಾನೆಯೊಂದರ ಮುಖ್ಯಸ್ಥ ಝಾಂಗ್ ರುಯ್‌ಮಿನ್, ದೋಷವಿದ್ದ 76 ಯಂತ್ರಗಳನ್ನು ಕೆಲಸಗಾರರ ಕೈಯಿಂದಲೇ ಸುತ್ತಿಗೆಯಲ್ಲಿ ಒಡೆಸಿದರು. ಅದೇ ಸಂಸ್ಥೆ ಮುಂದೆ ‘ಹೈಯರ್’ ಆಗಿ ಬೆಳೆದು, 2016ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಗೃಹೋಪಯೋಗಿ ಯಂತ್ರಗಳ ವಿಭಾಗವನ್ನೇ ಕೊಂಡಿತು. ಕಂಪ್ಯೂಟರ್ ತಯಾರಿಸುವ ‘ಲೆಜೆಂಡ್’ ಸಂಸ್ಥೆಯ ತೊಡಕು ಬೇರೆ ಬಗೆಯದು. ಆ ಹೆಸರು ಅನೇಕ ದೇಶಗಳಲ್ಲಿ ಅದಾಗಲೇ ಇತರರ ಪಾಲಾಗಿ ನೋಂದಣಿಯಾಗಿತ್ತು. ಆದ್ದರಿಂದ 2003ರಲ್ಲಿ ಅದು ‘ಲೆನೊವೊ’ ಎಂಬ ಹೊಸ ಹೆಸರನ್ನು ತಳೆಯಿತು. ಎರಡೇ ವರ್ಷಗಳಲ್ಲಿ ಐಬಿಎಂನ ಪರ್ಸನಲ್ ಕಂಪ್ಯೂಟರ್ ವ್ಯವಹಾರ ಅದರ ಕೈಸೇರಿತು.

ಸರಕಿನಂತೆ ಜನರೂ ಹೊರಟರು. ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಹ್ಯೂಯೆನ್ ತ್ಸಾಂಗ್ ಧರ್ಮಗ್ರಂಥಗಳನ್ನು ಅರಸಿ ಭಾರತಕ್ಕೆ ಬಂದವನು. ಇಂದಿನ ಚೀನೀ ಪ್ರವಾಸಿಗರು ಖರೀದಿಗೂ ಹೆಸರಾದವರು. 2012ರಲ್ಲಿ ವಿದೇಶ ಪ್ರವಾಸದಲ್ಲಿ ಅತಿ ಹೆಚ್ಚು ಹಣ ವ್ಯಯಿಸುವವರ ಸಾಲಿನಲ್ಲಿ ಅವರು ಮೊದಲಿಗರಾದರು. 2019ರಲ್ಲಿ ಚೀನೀಯರ ವಿದೇಶ ಪ್ರಯಾಣಗಳ ಸಂಖ್ಯೆ ಸುಮಾರು 15.5 ಕೋಟಿ. ಅವರು ಹೋದೆಡೆಯ ಅಂಗಡಿಗಳಲ್ಲಿ ಅಲಿಪೇಯಂತಹ ಅವರದೇ ಪಾವತಿ ವ್ಯವಸ್ಥೆಗಳೂ ಕಾಣಿಸಿಕೊಂಡವು.

ಆದರೆ ಪರದೇಶದಲ್ಲಿ ವ್ಯಾಪಾರ ಮಾಡುವವರು ಆ ದೇಶದ ಕಾನೂನಿಗೆ ಒಳಪಟ್ಟವರು. ಗಡಿ ಸಂಘರ್ಷದ ಬಳಿಕ 2020ರ ಜೂನ್‌ನಲ್ಲಿ ಭಾರತವು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದೇ ವರ್ಷ ನಿಂತುಹೋದ ಚೀನೀಯರ ಪ್ರವಾಸಿ ವೀಸಾ ಮತ್ತೆ ದೊರೆತದ್ದು 2025ರ ಜುಲೈನಲ್ಲಿ.

ಈ ಕಥನದಲ್ಲಿ ನಮ್ಮ ಸೀಮೆಗೊಂದು ಪಾಠವಿದೆ. 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ರಾಯದುರ್ಗದಲ್ಲಿ, ಬಳ್ಳಾರಿಯಲ್ಲಿರುವಂತೆಯೇ, ಜೀನ್ಸ್ ಹೊಲಿಗೆ ಬಹಳ ಕುಟುಂಬಗಳ ಜೀವನಾಧಾರ. ಪರರ ಹೆಸರಿನ ಪಟ್ಟಿಗೆ ಹೊಲಿದುಕೊಡುವವರಿಗೆ ದಕ್ಕುವುದು ಕೂಲಿ ಮಾತ್ರ. ಹೆಸರಿನ ಬೆಲೆ ಹೆಸರುಳ್ಳವರಿಗೆ ಸಲ್ಲುತ್ತದೆ. ನೆರೆಯ ಧರ್ಮಾವರಂನ ಕೈಮಗ್ಗದ ಪಟ್ಟೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ತಮ್ಮದೇ ಹೆಸರಿನಲ್ಲಿ ಮಾರಬಯಸುವ ಹೊಲಿಗೆದಾರರಿಗೆ 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯಿದೆ. ನೋಂದಣಿಯ ಅವಧಿ ಹತ್ತು ವರ್ಷ; ಮತ್ತೆ ಮತ್ತೆ ನವೀಕರಿಸಬಹುದು. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಅರ್ಜಿ ಶುಲ್ಕ ಇತರರಿಗಿಂತ ಕಡಿಮೆ. ಆದರೆ ಇಲ್ಲಿನ ನೋಂದಣಿ ಭಾರತದೊಳಗೆ ಮಾತ್ರ ಊರ್ಜಿತ. ಹೊರದೇಶಕ್ಕೆ ಪ್ರತ್ಯೇಕ ಅರ್ಜಿ ಅಗತ್ಯ. ಲೆಜೆಂಡ್ ಹೆಸರು ಬದಲಿಸಬೇಕಾದದ್ದು ಇದೇ ಕಾರಣಕ್ಕೆ.

ಮನೆಯ ಕಸುಬನ್ನು ಮುಂದುವರಿಸುವ ಮಕ್ಕಳು ಹೊಲಿಗೆಯೊಡನೆ ಈ ಕಾನೂನನ್ನೂ ಅರಿತರೆ, ರಾಯದುರ್ಗದ ಬಟ್ಟೆ ರಾಯದುರ್ಗದ ಹೆಸರಿನಲ್ಲಿಯೇ ಮಾರಾಟವಾಗಬಲ್ಲದು.