ಹೊಸದಾಗಿ ಕೂಡ್ರಿಸಿದ ಇಂಜಿನ್ನಿಗೆ ಎಣ್ಣೆ ಏರದಿದ್ದರೆ

ಮುಳವಾಡ ಸೀಮೆಯ ಎರೆಯ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ಬಿತ್ತಿಗೆಗೆ ಸಪ್ಟಂಬರದ ನಡುವಿನಿಂದ ಅಕ್ಟೋಬರದ ನಡುವಿನ ವರೆಗಿನ ಕಾಲವೇ ತಕ್ಕುದು. ಆಲಮಟ್ಟಿಯ ಹಿನ್ನೀರನ್ನೆತ್ತುವ ಮುಳವಾಡ ಏತ ನೀರಾವರಿಯ ಕಾಲುವೆ ಮುಟ್ಟದ ಹೊಲಗಳಿಗೆ ನೆಲದ ಹಸಿಯೇ ಆಧಾರ. ಹಸಿ ಆರಿದ ಮೇಲೆ ಬೀಜವಿದ್ದೂ ಕೂರಿಗೆಯಿದ್ದೂ ಫಲವಿಲ್ಲ. ಇಂಥ ಸಮಯದಲ್ಲಿ, ಸಾಲ ಮಾಡಿ ಬೋರು ಹೊಡೆಸಿ, ಹೊಸ ಪಿಸ್ಟನ್ ಬೇರಿಂಗುಗಳನ್ನು ಹಾಕಿಸಿ ಕೂಡ್ರಿಸಿದ ಟ್ರ್ಯಾಕ್ಟರಿನ ಇಂಜಿನ್ನು ಹತ್ತು ಮಿನಿಟು ನಡೆದು ನಿಂತುಬಿಟ್ಟರೆ ಒಡೆಯನು ಕಂಗೆಡುವುದು ಸಹಜ. ಆತನು ಮಿಸ್ತ್ರಿಯನ್ನು ದೂರುವನು. ಮಿಸ್ತ್ರಿಯು ಮತ್ತೆ ಹೆಡ್ಡು ಬಿಚ್ಚುವನು. ಆದರೆ ಎಷ್ಟೋ ಸಲ ದೋಷವು ಇಂಜಿನ್ನಿನ ಒಳಗಿರದೆ, ಟಾಕಿಯಿಂದ ನಾಜಲಿನ ವರೆಗಿನ ಎಣ್ಣೆಯ ಹಾದಿಯಲ್ಲಿರುತ್ತದೆ.

ಮೊದಲು ಹೊಗೆಯನ್ನು ನೋಡತಕ್ಕದ್ದು. ಸ್ಟಾರ್ಟರು ತಿರುಗುವಾಗ ಹೊಗೆಯೇ ಬಾರದಿದ್ದರೆ ಡೀಸೆಲ್ ಎಣ್ಣೆಯು ಸಿಲಿಂಡರನ್ನು ಮುಟ್ಟಿಲ್ಲವೆಂದು ತಿಳಿಯಬೇಕು. ಬಿಳಿ ಹೊಗೆ ಬಂದರೆ ಎಣ್ಣೆ ಮುಟ್ಟಿದೆ, ಉರಿದಿಲ್ಲ. ಆಗ ಪಂಪಿನ ಟೈಮಿಂಗನ್ನೂ ಕಂಪ್ರೆಶನ್ನನ್ನೂ ಪರೀಕ್ಷಿಸುವುದು ಮಿಸ್ತ್ರಿಯ ಕೆಲಸ. ನಾಲ್ಕು ಸಿಲಿಂಡರಿನ ಇಂಜಿನ್ನುಗಳಲ್ಲಿ ಸಾಮಾನ್ಯವಾದ 1-3-4-2ರ ಕ್ರಮ ತಪ್ಪಿ ನಾಜಲಿನ ನಳಿಗೆಗಳು ಅದಲುಬದಲಾಗಿದ್ದರೂ ಹೀಗಾಗುವುದುಂಟು.

ರುಡಾಲ್ಫ್ ಡೀಸೆಲ್ ಎಂಬವರು ಜರ್ಮನಿಯಲ್ಲಿ 1897ರಲ್ಲಿ ಸಿದ್ಧಪಡಿಸಿದ ಇಂಜಿನ್ನಿನಲ್ಲಿ ಅದುಮಿದ ಗಾಳಿಯೇ ಎಣ್ಣೆಯನ್ನು ಒಳಗೆ ಊದುತ್ತಿತ್ತು. 1927ರಿಂದ ಬಾಷ್ ಕಂಪನಿಯ ಪಂಪು ಬಂದ ತರುವಾಯ ಎಣ್ಣೆಯನ್ನೇ ಒತ್ತಿ ಚಿಮ್ಮಿಸುವ ಪದ್ಧತಿ ರೂಢವಾಯಿತು. ಗಾಳಿ ಅದುಮಿದರೆ ಕುಗ್ಗುವುದು, ಎಣ್ಣೆ ಕುಗ್ಗದು. ನಳಿಗೆಯಲ್ಲಿ ಗುಳ್ಳೆ ಸೇರಿದರೆ ಪಂಪಿನ ಒತ್ತೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ತೀರಿ ನಾಜಲು ತೆರೆಯುವುದಿಲ್ಲ. ನಮ್ಮ ಕಡೆ 'ಹವಾ ಹಿಡದೈತಿ' ಎನ್ನುವುದು ಇದಕ್ಕೇ.

ಹವಾ ತೆಗೆಯುವಾಗ ಟಾಕಿ ತುಂಬಿರಲಿ, ತೋಟಿ ತೆರೆದಿರಲಿ, ಇಂಜಿನ್ ನಿಲ್ಲಿಸುವ ಗುಂಡಿ ಒಳಕ್ಕೆ ಹೋಗಿರಲಿ (ಇದನ್ನು ಮರೆತು ಅರ್ಧ ದಿನ ಕಳೆದವರುಂಟು). ಮೊದಲನೆಯ ಫಿಲ್ಟರಿನ ಹವಾ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಹಿಡಿಯನ್ನು ಗುಳ್ಳೆಯಿಲ್ಲದ ಎಣ್ಣೆ ಬರುವ ವರೆಗೆ ಒತ್ತಿ, ಸ್ಕ್ರೂ ಬಿಗಿಯಬೇಕು. ಹಾಗೆಯೇ ಎರಡನೆಯ ಫಿಲ್ಟರು, ಬಳಿಕ ಪಂಪು. ಕೈಹಿಡಿ ಸತ್ವವಿಲ್ಲದೆ ಸುಮ್ಮನೆ ಆಡಿದರೆ ಫೀಡ್ ಪಂಪು ಕೆಟ್ಟಿತೆಂದು ತಿಳಿಯಲಾಗದು. ಅದರ ತೋಳು ಕ್ಯಾಮಿನ ಉಬ್ಬಿನ ಮೇಲೆ ನಿಂತಿರಬಹುದು, ಇಂಜಿನ್ನನ್ನು ಒಂದು ಸುತ್ತು ತಿರುಗಿಸಿ ನೋಡಬೇಕು. ಕಡೆಗೆ ನಾಜಲಿನ ಬಳಿಯ ನಟ್ಟುಗಳನ್ನು ತುಸು ಸಡಿಲಿಸಿ, ಸ್ಟಾರ್ಟರು ಹಾಕಿ, ಎಣ್ಣೆ ಚಿಮ್ಮಿದೊಡನೆ ಬಿಗಿಯಬೇಕು. ಚಿಮ್ಮುವ ಎಣ್ಣೆಗೆ ಕೈ ಒಡ್ಡಕೂಡದು, ಅದು ಚರ್ಮವನ್ನು ಸೀಳಿ ಒಳಹೊಗುವುದು. ಕಾಮನ್ ರೇಲ್ ಪದ್ಧತಿಯ ಹೊಸ ಟ್ರ್ಯಾಕ್ಟರುಗಳಲ್ಲಿ ಈ ನಟ್ಟುಗಳನ್ನು ಮುಟ್ಟಲೇಬಾರದು.

ಹವಾ ತೆಗೆದರೂ ಇಂಜಿನ್ನು ಮತ್ತೆ ನಿಂತರೆ ಗಾಳಿ ನುಗ್ಗುವ ತಾವನ್ನು ಹುಡುಕಬೇಕು. ಫೀಡ್ ಪಂಪಿನ ಮುಂದಿನ ಸಂದು ಎಣ್ಣೆ ಸೋರಿ ತನ್ನನ್ನು ತಾನೇ ತೋರಿಸಿಕೊಡುವುದು. ಟಾಕಿಗೂ ಪಂಪಿಗೂ ನಡುವಿನ ಸಂದು ಹಾಗಲ್ಲ. ಪಂಪು ಎಳೆಯುವಾಗ ಅದು ಗಾಳಿಯನ್ನು ಸೆಳೆದುಕೊಳ್ಳುವುದೇ ಹೊರತು ಹೊರಗೆ ಒಂದು ಹನಿಯೂ ಕಾಣಿಸದಿರಬಹುದು. ಇಂಜಿನ್ ಇಳಿಸುವಾಗ ಬಿಚ್ಚಿದ ಹಳೆಯ ತಾಮ್ರದ ವಾಶರುಗಳನ್ನೇ ಮತ್ತೆ ಹಾಕುವುದು ಇದಕ್ಕೆ ಮುಖ್ಯ ಕಾರಣ. ನಾಲ್ಕು ಕಾಸಿನ ವಾಶರಿನಲ್ಲಿ ಮಾಡುವ ಈ ಉಳಿತಾಯ ನನಗೆ ಎಂದೂ ತಿಳಿಯದ ಜಾಣತನ.

ಒಂದು ಸುಲಭ ಪರೀಕ್ಷೆಯುಂಟು. ಶುದ್ಧವಾದ ಡೀಸೆಲ್ ತುಂಬಿದ ಡಬ್ಬಿಯನ್ನು ಪಂಪಿಗಿಂತ ಎತ್ತರದಲ್ಲಿ ಕಟ್ಟಿ, ಪಾರದರ್ಶಕ ನಳಿಗೆಯಿಂದ ಫೀಡ್ ಪಂಪಿಗೆ ಜೋಡಿಸಿರಿ. ಇಂಜಿನ್ನು ನಿಲ್ಲದೆ ನಡೆದರೆ ದೋಷವು ಟಾಕಿಯ ಕಡೆಗಿದೆ. ಆಗ ಟಾಕಿಯ ಬೂಚನ್ನೂ ನೋಡಬೇಕು: ಅದರ ಗಾಳಿಕಿಂಡಿ ಎರೆಮಣ್ಣಿನ ಧೂಳಿನಿಂದ ಮುಚ್ಚಿದ್ದರೆ, ಬೂಚು ಸಡಿಲಿಸಿದಾಗ ಗಾಳಿಯು ನಿಟ್ಟುಸಿರಿನಂತೆ ಒಳಹೋಗುವ ಸಪ್ಪಳ ಕೇಳುವುದು. ಇಂಜಿನ್ನು ಮಿಸ್ತ್ರಿಯಲ್ಲಿದ್ದಷ್ಟು ದಿನ ಅರೆತುಂಬಿದ ಟಾಕಿಯಲ್ಲಿ ನೀರೂ ಕೆಸರೂ ಕೂಡಿರುವುದುಂಟು. ತಳದ ಎಣ್ಣೆಯನ್ನು ಸೋರಿಬಿಟ್ಟು ಹೊಸ ಫಿಲ್ಟರು ಹಾಕುವುದು ಲೇಸು.

ಮೊದಲ ಕೆಲವು ದಿನ ಇಂಜಿನ್ ಆಯಿಲಿನ ಗಜಕಡ್ಡಿಯನ್ನು ಬೆಳಗುಮುಂಜಾನೆ ನೋಡುತ್ತಿರಬೇಕು. ಆಯಿಲಿನ ಮಟ್ಟ ಏರಿ ಡೀಸೆಲ್ ವಾಸನೆ ಹೊಡೆದರೆ ಫೀಡ್ ಪಂಪಿನ ಡಯಾಫ್ರಮ್ ಹರಿದಿರುವ ಸಂಭವವುಂಟು. ಅಂಥ ತೆಳ್ಳಗಾದ ಆಯಿಲಿನಲ್ಲಿ ನಡೆಯಿಸಿದರೆ ಹೊಸ ಬೇರಿಂಗುಗಳು ಬೇಗನೆ ಸವೆದುಹೋಗುವವು. ಇಂಜಿನ್ನನ್ನು ಅಲ್ಲಿಯೇ ನಿಲ್ಲಿಸಿ, ಡಯಾಫ್ರಮ್ ಬದಲಿಸಿ, ಆಯಿಲನ್ನೂ ಅದರ ಫಿಲ್ಟರನ್ನೂ ಹೊಸದಾಗಿ ಹಾಕಿದ ಮೇಲೆಯೇ ಕೂರಿಗೆ ಹೂಡತಕ್ಕದ್ದು.