ಉತ್ತರ ಗೊತ್ತಿದ್ದರೂ ಅಂಕ ಹೋಗುವುದೆಲ್ಲಿ?

ಹತ್ತನೇ ತರಗತಿಯ ಫಲಿತಾಂಶ ಬಂದಾಗಲೆಲ್ಲ ನಮ್ಮ ಗಡಿ ಊರುಗಳಲ್ಲಿ ಒಂದು ಮಾತು ಏಳುತ್ತದೆ: ‘ಕನ್ನಡ ಮಾಧ್ಯಮದಲ್ಲಿ ಓದಿದರೆ ಅಂಕ ಬರುವುದಿಲ್ಲ.’ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಮುಂದಿನ ಜೂನ್‌ನಲ್ಲಿ ಆ ಮನೆಯ ತಮ್ಮನೋ ತಂಗಿಯೋ ಬೇರೆ ಮಾಧ್ಯಮಕ್ಕೆ ಹೋಗುತ್ತಾರೆ. ಒಂದನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತದೆ. ಆಮೇಲೆ ಶಿಕ್ಷಕರ ಹುದ್ದೆ ಉಳಿಸಿಕೊಡಿ ಎಂದು ನಾವು ಅರ್ಜಿ ಹಿಡಿದು ಅಲೆಯುತ್ತೇವೆ. ಈ ಸಲ ಅರ್ಜಿಯ ವಿಷಯ ಬದಿಗಿಟ್ಟು ಉತ್ತರಪತ್ರಿಕೆಯ ವಿಷಯ ಬರೆಯುತ್ತಿದ್ದೇವೆ. ಸಂಘದ ಭಾನುವಾರದ ತರಗತಿಗೆ ಬರುವ ಮಕ್ಕಳ ಅಭ್ಯಾಸದ ಉತ್ತರಗಳನ್ನು ನಿವೃತ್ತ ಶಿಕ್ಷಕರ ಜೊತೆ ಕುಳಿತು ನೋಡಿದ್ದೇವೆ. ಅನೇಕ ಮಕ್ಕಳಿಗೆ ವಿಷಯ ಗೊತ್ತಿದೆ, ಆದರೆ ಗೊತ್ತಿರುವುದು ಕಾಗದದ ಮೇಲೆ ಬಂದಿಲ್ಲ.

ಮೊದಲು ಗಣಿತ. ಬೋರ್ಡ್ ಪರೀಕ್ಷೆಯಲ್ಲಿ ಮೌಲ್ಯಮಾಪಕರ ಕೈಯಲ್ಲಿ ಒಂದು ಮಾದರಿ ಉತ್ತರ ಇರುತ್ತದೆ. ದೊಡ್ಡ ಲೆಕ್ಕಗಳಿಗೆ ಅದರಲ್ಲಿ ಹಂತಹಂತವಾಗಿ ಅಂಕ ಹಂಚಿರುತ್ತದೆ. ಒಂದು ಉದಾಹರಣೆ ನೋಡೋಣ. ಯಕ್ಷಗಾನದ ಆಟಕ್ಕೆ ಕುರ್ಚಿ ಹಾಕಿದ್ದಾರೆ. ಮೊದಲ ಸಾಲಿನಲ್ಲಿ 20 ಕುರ್ಚಿ, ಹಿಂದಿನ ಪ್ರತಿ ಸಾಲಿನಲ್ಲಿ 4 ಹೆಚ್ಚು, ಒಟ್ಟು 15 ಸಾಲು. ಕುರ್ಚಿ ಎಷ್ಟು? ಇದು ಸಮಾಂತರ ಶ್ರೇಢಿಯ ಲೆಕ್ಕ. ಚುರುಕಾದ ಹುಡುಗನೊಬ್ಬ ಮನಸ್ಸಿನಲ್ಲೇ ಮಾಡಿ ‘705’ ಎಂದು ಬರೆದ ಎನ್ನಿ. ಸರಿಯುತ್ತರ 720. ಅವನಿಗೆ ಸೊನ್ನೆ. ಅವನು ತಪ್ಪಿದ್ದು ಎಲ್ಲಿ? 14ನ್ನು 4ರಿಂದ ಗುಣಿಸುವಾಗ 56ರ ಬದಲು 54 ಹಿಡಿದಿದ್ದಾನೆ, ಅಷ್ಟೇ. ಅದನ್ನೇ ಹೀಗೆ ಬರೆದಿದ್ದರೆ:

ಮೊದಲ ಸಾಲು 20, ಪ್ರತಿ ಸಾಲಿಗೆ ಏರಿಕೆ 4, ಸಾಲುಗಳು 15.
15 ಸಾಲಿಗೆ ಏರಿಕೆ 14 ಸಲ. ಆದ್ದರಿಂದ ಕೊನೆಯ ಸಾಲು = 20 + (14 × 4) = 74.
ಒಟ್ಟು = 15 × (20 + 74) ÷ 2 = 705 ಕುರ್ಚಿಗಳು.

ಉತ್ತರ ಈಗಲೂ ತಪ್ಪೇ. ಆದರೆ ಶ್ರೇಢಿ ಎಂದು ಗುರುತಿಸಿದ್ದು, ಕೊನೆಯ ಪದ ಕಂಡುಹಿಡಿಯುವ ದಾರಿ, ಮೊತ್ತದ ಸೂತ್ರ ಎಲ್ಲವೂ ಕಣ್ಣಿಗೆ ಬೀಳುತ್ತವೆ, ಅವುಗಳ ಅಂಕ ಉಳಿಯುತ್ತದೆ. ನಾವು ಕಚೇರಿಯಲ್ಲಿ ಕಂಡ ಹಾಗೆ, ಕಾರಣ ಬರೆಯದ ಟಿಪ್ಪಣಿ ಮೇಲಿನವರ ಮೇಜಿನಿಂದ ಹಾಗೆಯೇ ವಾಪಸು ಬರುತ್ತದೆ, ಸರಿಪಡಿಸಿ ಮತ್ತೆ ಕಳಿಸಬಹುದು. ಉತ್ತರಪತ್ರಿಕೆಗೆ ಆ ಸೌಲಭ್ಯವಿಲ್ಲ. ‘15 ಸಾಲಿಗೆ ಏರಿಕೆ 14 ಸಲ’ ಎಂಬಂಥ ಒಂದು ವಾಕ್ಯ ಬರೆಸುವುದನ್ನು ಮನೆಯಲ್ಲೂ ಅಭ್ಯಾಸ ಮಾಡಿಸಿ. 15ರಿಂದಲೇ ಗುಣಿಸಿಬಿಡುವ ತಪ್ಪು ಅದರಿಂದ ಬಹುಪಾಲು ತಪ್ಪುತ್ತದೆ.

ಇನ್ನೊಂದು ಬಗೆಯ ನಷ್ಟವಿದೆ. ಎರಡು ಬಸ್ಸುಗಳು ನಿಲ್ದಾಣದಿಂದ 18 ಮತ್ತು 24 ನಿಮಿಷಕ್ಕೊಮ್ಮೆ ಹೊರಡುತ್ತವೆ, ಬೆಳಿಗ್ಗೆ 7ಕ್ಕೆ ಎರಡೂ ಒಟ್ಟಿಗೆ ಹೊರಟವು, ಮತ್ತೆ ಒಟ್ಟಿಗೆ ಹೊರಡುವುದು ಯಾವಾಗ? ಲ.ಸಾ.ಅ. ಸರಿಯಾಗಿ ತೆಗೆದು ‘72’ ಎಂದು ಬರೆದು ಕೆಳಗೆ ಗೆರೆ ಎಳೆದವರೇ ಹೆಚ್ಚು. ಕೇಳಿದ್ದು ಯಾವಾಗ ಎಂದು. 72 ನಿಮಿಷ ಕಳೆದರೆ 8 ಗಂಟೆ 12 ನಿಮಿಷ. ಲೆಕ್ಕ ಮುಗಿದ ಮೇಲೆ ಪ್ರಶ್ನೆಯ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಬೇಕು. ಇದು ಗಣಿತಕ್ಕಿಂತ ಓದಿನ ವಿಷಯ.

ರೇಖಾಗಣಿತದಲ್ಲಿ ಚಿತ್ರ ಬರೆದು ಅಕ್ಷರ ಗುರುತಿಸಿ, ದತ್ತ, ಸಾಧನೀಯ, ಸಾಧನೆ ಎಂದು ಬೇರೆಬೇರೆ ಬರೆದು, ಪ್ರತಿ ಹೇಳಿಕೆಯ ಪಕ್ಕ ಕಾರಣ ಕೊಡಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇವೆ. ಮಹಾರಾಷ್ಟ್ರ ಮಂಡಳಿಯಲ್ಲಿ ಗಣಿತ ಭಾಗ 2 ಎಂಬ 40 ಅಂಕದ ಪತ್ರಿಕೆಯೇ ರೇಖಾಗಣಿತದ್ದು. ಅಲ್ಲಿ ಖಾಲಿ ಚೌಕ ತುಂಬಿ ಕೃತಿ ಪೂರ್ಣಗೊಳಿಸುವ ಪ್ರಶ್ನೆಗಳೂ ಇರುತ್ತವೆ. ಚೌಕದೊಳಗಿನದನ್ನು ಮಾತ್ರ ಬರೆಯದೆ ಇಡೀ ಕೃತಿಯನ್ನು ಉತ್ತರಪತ್ರಿಕೆಯಲ್ಲಿ ಬರೆಯಬೇಕು.

ಈಗ ಓದಿ ಉತ್ತರಿಸುವ ಪ್ರಶ್ನೆಗಳು. ಅಭ್ಯಾಸಕ್ಕಾಗಿ ನಾವೇ ಬರೆದುಕೊಟ್ಟ ಒಂದು ತುಣುಕು: ‘ಊರಿನ ಕೆರೆಗೆ ಈ ವರ್ಷ ಜೂನ್‌ನಲ್ಲೇ ನೀರು ಬಂತು. ಆದರೂ ರೈತರು ಭತ್ತ ನಾಟಿ ಮಾಡಲಿಲ್ಲ. ಕಳೆದ ವರ್ಷ ತೂಬು ಒಡೆದು ಅರ್ಧ ಕೆರೆ ಒಂದೇ ವಾರದಲ್ಲಿ ಖಾಲಿಯಾಗಿತ್ತು. ತೂಬಿನ ದುರಸ್ತಿ ಇನ್ನೂ ಆಗಿರಲಿಲ್ಲ.’ ಪ್ರಶ್ನೆ: ನೀರು ಬಂದರೂ ರೈತರು ನಾಟಿ ಮಾಡದಿರಲು ಕಾರಣವೇನು?

ಕೆಲವು ಮಕ್ಕಳು ನಾಲ್ಕೂ ವಾಕ್ಯ ಹಾಗೇ ಇಳಿಸಿದರು. ಕೆಲವರು ‘ರೈತ ದೇಶದ ಬೆನ್ನೆಲುಬು, ನೀರು ಅಮೂಲ್ಯ’ ಎಂದು ಅರ್ಧ ಪುಟ ಬರೆದರು. ಓದಲು ಚೆನ್ನಾಗಿತ್ತು, ಪ್ರಶ್ನೆಗೆ ಉತ್ತರ ಇರಲಿಲ್ಲ. ಒಬ್ಬಳು ಹುಡುಗಿ ಬರೆದದ್ದು ಎರಡೇ ವಾಕ್ಯ: ‘ಬೆಳೆ ಮುಗಿಯುವವರೆಗೆ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ ಎಂಬ ಭಯ ರೈತರಿಗಿತ್ತು. ಏಕೆಂದರೆ ಕಳೆದ ವರ್ಷ ತೂಬು ಒಡೆದು ನೀರು ಹೋಗಿತ್ತು, ಅದನ್ನು ಇನ್ನೂ ದುರಸ್ತಿ ಮಾಡಿರಲಿಲ್ಲ.’ ‘ಭಯ’ ಎಂಬ ಪದ ತುಣುಕಿನಲ್ಲಿ ಎಲ್ಲೂ ಇಲ್ಲ. ಅವಳು ಅದನ್ನು ಊಹಿಸಿದಳು, ಊಹೆಗೆ ಆಧಾರವನ್ನು ತುಣುಕಿನಿಂದಲೇ ಕೊಟ್ಟಳು. ನೇರ ಉತ್ತರ ಮೊದಲು, ಆಧಾರ ಆಮೇಲೆ. ಎರಡು ಅಂಕದ ಪ್ರಶ್ನೆಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಈ ಬಗೆಯ ಓದು ಬರೀ ಬೋರ್ಡ್ ಪರೀಕ್ಷೆಯ ಮಾತಲ್ಲ. 15 ವರ್ಷದ ಮಕ್ಕಳಿಗಾಗಿ ನಡೆಯುವ ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ 2009ರ ಸುತ್ತಿಗೆ ಸೇರಿದಂತೆ ಭಾರತದಿಂದ ತಮಿಳುನಾಡು, ಹಿಮಾಚಲ ಪ್ರದೇಶ ಎರಡೇ ರಾಜ್ಯಗಳು ಭಾಗವಹಿಸಿದ್ದವು. ಎರಡೂ ಪಟ್ಟಿಯ ತುದಿಗೆ ಬಂದವು. ಅಲ್ಲಿ ಕೆಲವು ಪ್ರಶ್ನೆಗಳಿಗೆ ಕಾರಣವನ್ನು ಸ್ವಂತ ಮಾತಿನಲ್ಲಿ ಬರೆಯಬೇಕು, ಅರ್ಧ ಸರಿಯಾದ ಉತ್ತರಕ್ಕೆ ಭಾಗಶಃ ಅಂಕವೂ ಉಂಟು. ಪುಸ್ತಕದ ವಾಕ್ಯ ಬಾಯಿಪಾಠ ಮಾಡಿದವರಿಗೆ ಅಲ್ಲಿ ಕೈಕಟ್ಟಿದ ಹಾಗೆ.

ನಮ್ಮ ಮಕ್ಕಳಿಗೆ ಒಂದು ತೊಡಕು ಹೆಚ್ಚಿಗೆ ಇದೆ. ಮನೆಯಲ್ಲಿ ತುಳು, ಹವ್ಯಕ, ಬಡಗ, ಮರಾಠಿ ಅಥವಾ ತೆಲುಗು, ಪ್ರಶ್ನೆಪತ್ರಿಕೆಯಲ್ಲಿ ಪುಸ್ತಕದ ಕನ್ನಡ. ಇದಕ್ಕೆ ನಮಗೆ ಹಿಡಿಸಿದ ಉಪಾಯವೆಂದರೆ, ಪ್ರಶ್ನೆ ಓದಿದ ಮೇಲೆ ಅದನ್ನು ಮನೆಮಾತಿನಲ್ಲಿ ಹೇಳಿಸುವುದು. ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ಪ್ರಶ್ನೆ ಅರ್ಥವಾಗಿದೆ. ಉತ್ತರ ಮಾತ್ರ ಪಠ್ಯದ ಪದಗಳಲ್ಲೇ ಇರಲಿ. ಕರ್ನಾಟಕದಿಂದ ತರಿಸಿದ ಗೈಡಿನ ಪದ ನಿಮ್ಮ ರಾಜ್ಯದ ಕನ್ನಡ ಪಠ್ಯದಲ್ಲಿ ಇಲ್ಲದಿರಬಹುದು. ಕರ್ನಾಟಕದ ಪಠ್ಯಗಳಲ್ಲೇ ಹಿಂದೆ ‘ರೂಢಿಬೆಲೆ’ ಎಂದಿದ್ದದ್ದು ಈಗ ‘ಬಹುಲಕ’ ಆಗಿದೆ. ‘ಕಾರಣ ಕೊಡಿ’, ‘ಹೋಲಿಸಿ’, ‘ಸಮರ್ಥಿಸಿ’, ‘ಪಟ್ಟಿ ಮಾಡಿ’ ಇವು ನಾಲ್ಕು ಬೇರೆಬೇರೆ ಕೆಲಸಗಳು ಎಂಬುದನ್ನೂ ಕೂತು ತಿಳಿಸಬೇಕು. ‘ಹೋಲಿಸಿ’ ಎಂದಾಗ ಒಂದನ್ನೇ ವರ್ಣಿಸಿ ಬಿಡುವ ಮಕ್ಕಳು ಬಹಳ.

ಕಾಸರಗೋಡಿನ ಮಕ್ಕಳಿಗೆ ಕೇರಳದ ಪರೀಕ್ಷೆಯಲ್ಲಿ ಬರೆಯುವ ಮೊದಲು 15 ನಿಮಿಷದ ‘ಕೂಲ್ ಆಫ್ ಟೈಮ್’ ಇದೆ. ತಮಿಳುನಾಡಿನಲ್ಲೂ ಪ್ರಶ್ನೆಪತ್ರಿಕೆ ಓದಲು 10 ನಿಮಿಷ, ವಿವರ ತುಂಬಲು 5 ನಿಮಿಷ ಕೊಡುತ್ತಾರೆ. ಆ ಹೊತ್ತನ್ನು ದೇವರ ಸ್ತೋತ್ರಕ್ಕೆ ಕಳೆಯುವವರಿದ್ದಾರೆ, ಅದನ್ನು ಮನೆಯಲ್ಲೇ ಮುಗಿಸಿ ಬರಲಿ. ಯಾವ ಪ್ರಶ್ನೆ ಮೊದಲು, ಆಯ್ಕೆ ಇರುವಲ್ಲಿ ಯಾವುದನ್ನು ಬಿಡುವುದು, ಕೊನೆಗೆ ಕೇಳಿರುವುದು ಏನು ಎಂದು ನೋಡಲು ಅದು ಸಾಕು. ಕೇರಳದಲ್ಲಿ ನೂರಕ್ಕೆ 89 ಬಂದರೆ ಎ, 90 ಬಂದರೆ ಎ ಪ್ಲಸ್. ಬಸ್ಸಿನ ಲೆಕ್ಕದಲ್ಲಿ ‘8 ಗಂಟೆ 12 ನಿಮಿಷ’ ಎಂದು ಬರೆಯದೆ ಬಿಟ್ಟ ಅಂಕ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಭಾನುವಾರದ ತರಗತಿಗೆ ಬರುವ ಮಕ್ಕಳು ಗೈಡ್ ಬೇಡ, ಪಠ್ಯಪುಸ್ತಕ ಮತ್ತು ಶಾಲೆಯಲ್ಲಿ ತಿದ್ದಿ ಕೊಟ್ಟ ಹಳೆಯ ಉತ್ತರಪತ್ರಿಕೆಗಳನ್ನು ತರಲಿ. ಅಂಕ ಕಡಿಮೆ ಬಂದ ಪತ್ರಿಕೆಯೇ ಹೆಚ್ಚು ಉಪಯೋಗ. ಹಿಂದಿನ ವರ್ಷಗಳ ಕನ್ನಡ ಮಾಧ್ಯಮದ ಪ್ರಶ್ನೆಪತ್ರಿಕೆಗಳು ಯಾರ ಮನೆಯಲ್ಲಾದರೂ ಇದ್ದರೆ ಸಂಘಕ್ಕೆ ಒಂದು ಪ್ರತಿ ಕೊಡಿ, ಯಾವ ರಾಜ್ಯದ್ದಾದರೂ ಆದೀತು. ತಿದ್ದಲು ಒಪ್ಪುವ ನಿವೃತ್ತ ಗಣಿತ ಶಿಕ್ಷಕರು ಇನ್ನೂ ಇಬ್ಬರಾದರೂ ಬೇಕಾಗಿದ್ದಾರೆ.