ಮೊದಲ ಮಳೆಗೆ ರಸ್ತೆ ಯಾಕೆ ಜಾರುತ್ತದೆ?



ಯುಗಾದಿ ಮುಗಿದು ಏಪ್ರಿಲ್ ಮಧ್ಯಕ್ಕೆ ಬಂದರೆ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ ಮಳೆ. ವಸಂತದ ಈ ಮಳೆಗೆ ನಮ್ಮಲ್ಲಿ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಕೆಲವರಿಗೆ ಮಾವಿನ ಮಳೆ, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಹೂಮಳೆ, ಉತ್ತರ ಕರ್ನಾಟಕದವರಿಗೆ ಅಡ್ಡಮಳೆ. ಪುಣೆಯಲ್ಲಿರುವ ನಮ್ಮವರು ಅಲ್ಲಿಯ ಮಾತಿನಲ್ಲಿ ವಳೀವ್ ಎನ್ನುತ್ತಾರೆ. ಹೈದರಾಬಾದಿನಲ್ಲಿ ಇದು ಗುಡುಗು, ಆಲಿಕಲ್ಲಿನ ಜೊತೆ ಬರುವುದುಂಟು. ದೆಹಲಿಯಲ್ಲಿ ಮೊದಲು ಧೂಳಿನ ಗಾಳಿ, ಹಿಂದೆಯೇ ನಾಲ್ಕು ಹನಿ.

ಬಿಸಿಲಿನಲ್ಲಿ ಬೆಂದವರಿಗೆ ಈ ಮಳೆ ತುಂಬಾ ಹಿತ. ಆದರೆ ಸ್ಕೂಟರ್, ಬೈಕ್, ಕಾರು ಓಡಿಸುವವರಿಗೆ ಇಷ್ಟು ಮೋಸದ ಮಳೆ ಇನ್ನೊಂದಿಲ್ಲ. ಜುಲೈ ತಿಂಗಳ ಜಡಿಮಳೆಗೆ ಎಲ್ಲರೂ ಹೆದರಿ ನಿಧಾನವಾಗಿ ಹೋಗುತ್ತಾರೆ. ಏಪ್ರಿಲ್ ತಿಂಗಳ ತುಂತುರಿಗೆ ಯಾರೂ ಹೆದರುವುದಿಲ್ಲ. ಜಾರುವುದು ಇಲ್ಲಿಯೇ. ಮುಂಬೈಯ ಕೇಳುಗರಿಗೆ ಬೇಸಿಗೆ ಮಳೆ ಅಪರೂಪ. ನೀವು ಇಲ್ಲಿ ಹೇಳುವುದನ್ನೆಲ್ಲ ಜೂನ್ ತಿಂಗಳ ಮೊದಲ ಮಳೆಗೆ ಅನ್ವಯಿಸಿಕೊಳ್ಳಿ.

ರಸ್ತೆಯ ಮೇಲೆ ಏನಿರುತ್ತದೆ?

ಚಳಿಗಾಲ, ಬೇಸಿಗೆ ಎಂದು ತಿಂಗಳುಗಟ್ಟಲೆ ಒಣಗಿದ ಡಾಂಬರಿನ ಮೇಲೆ ಲಾರಿ, ಬಸ್ಸುಗಳಿಂದ ತೊಟ್ಟಿಕ್ಕಿದ ಎಂಜಿನ್ ಆಯಿಲ್ ಮತ್ತು ಡೀಸೆಲ್, ಟೈರುಗಳಿಂದ ಸವೆದ ರಬ್ಬರಿನ ಪುಡಿ, ಕಟ್ಟಡ ಮತ್ತು ಮೆಟ್ರೋ ಕಾಮಗಾರಿಯ ಧೂಳು ಎಲ್ಲವೂ ಸೇರಿ ಕೂತಿರುತ್ತದೆ. ಒಣಗಿದ್ದಾಗ ಅದು ಕಣ್ಣಿಗೆ ಕಾಣುವುದಿಲ್ಲ. ನಾಲ್ಕು ಹನಿ ಬಿದ್ದ ಕೂಡಲೇ ಧೂಳು ನೆನೆದು ಲೋಳೆಯಾಗುತ್ತದೆ, ಎಣ್ಣೆ ನೀರಿನ ಮೇಲೆ ತೇಲುತ್ತದೆ. ಟೈರಿಗೂ ರಸ್ತೆಗೂ ನಡುವೆ ಸಾಬೂನು ಹಚ್ಚಿದಂತೆ ಒಂದು ತೆಳು ಪದರ ನಿಲ್ಲುತ್ತದೆ.

ಮಳೆ ಜೋರಾಗಿ ಸುರಿದರೆ ಈ ಕೊಳೆ ಸ್ವಲ್ಪ ಹೊತ್ತಿನಲ್ಲಿ ತೊಳೆದುಹೋಗುತ್ತದೆ. ಬರೀ ತುಂತುರಾದರೆ ತೊಳೆಯುವಷ್ಟು ನೀರಿಲ್ಲ, ಜಾರಿಸಲು ಬೇಕಾದಷ್ಟು ಮಾತ್ರ ಇದೆ. ಅದಕ್ಕೇ ಮೊದಲ ಹದಿನೈದು-ಇಪ್ಪತ್ತು ನಿಮಿಷ ಬಹಳ ಅಪಾಯದ್ದು. ಆಫೀಸಿನಿಂದ ಹೊರಡುವಾಗ ಹನಿ ಶುರುವಾದರೆ ಒಂದು ಕಪ್ ಚಹಾ ಕುಡಿದು ಹೊರಡಿ. ಮನೆಗೆ ಇಪ್ಪತ್ತು ನಿಮಿಷ ತಡವಾಗಬಹುದು, ಅಷ್ಟೇ.

ಲೆಕ್ಕ ಹೀಗಿದೆ

ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದೀರಿ ಎಂದುಕೊಳ್ಳಿ. ಎದುರಿಗೆ ಯಾರೋ ಅಡ್ಡ ಬಂದರು. ಕಣ್ಣು ನೋಡಿ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಗಾಡಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನೂ 20 ಮೀಟರ್ ಬೇಕು. ಒಟ್ಟು 37 ಮೀಟರ್. ಒದ್ದೆ ರಸ್ತೆಯಲ್ಲಿ ಟೈರಿನ ಹಿಡಿತ ಅರ್ಧದ ಸಮೀಪಕ್ಕೆ ಇಳಿಯುವುದರಿಂದ ಆ 20 ಮೀಟರ್ ಸುಮಾರು 35 ಆಗುತ್ತದೆ. ಒಟ್ಟು 52 ಮೀಟರ್. ಎಣ್ಣೆಯ ಲೋಳೆ ಇದ್ದರೆ ಇನ್ನೂ ಹೆಚ್ಚು.

ಈಗ ವೇಗವನ್ನು 50ಕ್ಕೆ ಇಳಿಸಿ ನೋಡಿ. ಒದ್ದೆ ರಸ್ತೆಯಲ್ಲೂ ಸುಮಾರು 39 ಮೀಟರಿನಲ್ಲಿ ನಿಲ್ಲುತ್ತೀರಿ. 40ಕ್ಕೆ ಇಳಿಸಿದರೆ 27 ಮೀಟರ್ ಸಾಕು. ರಸ್ತೆ ಕಸಿದುಕೊಂಡ ಹಿಡಿತವನ್ನು ಕೇವಲ ಹತ್ತು-ಇಪ್ಪತ್ತು ಕಿಲೋಮೀಟರ್ ವೇಗ ಬಿಟ್ಟುಕೊಟ್ಟು ನಾವು ವಾಪಸ್ ಪಡೆಯಬಹುದು.

ಮುಂದಿನ ವಾಹನ ಒಂದು ದೀಪದ ಕಂಬ ದಾಟಿದಾಗಿನಿಂದ ನಿಧಾನವಾಗಿ ಒಂದು, ಎರಡು, ಮೂರು, ನಾಲ್ಕು ಎಂದು ಸೆಕೆಂಡು ಎಣಿಸಿ. ನಾಲ್ಕು ಮುಗಿಯುವ ಮೊದಲೇ ನೀವು ಆ ಕಂಬದ ಬಳಿ ಬಂದರೆ ತೀರಾ ಹತ್ತಿರವಿದ್ದೀರಿ ಎಂದು ಅರ್ಥ. ಅಷ್ಟು ಜಾಗ ಬಿಟ್ಟರೆ ನಮ್ಮೂರ ಟ್ರಾಫಿಕ್‌ನಲ್ಲಿ ಇನ್ನೊಬ್ಬರು ನುಗ್ಗುತ್ತಾರಲ್ಲ ಎಂದು ನೀವು ಕೇಳಬಹುದು. ನುಗ್ಗಲಿ ಬಿಡಿ. ನೀವು ಮತ್ತೆ ಸ್ವಲ್ಪ ಹಿಂದೆ ಸರಿಯಿರಿ.

ಎರಡು ಚಕ್ರದವರಿಗೆ

ಬಿಳಿ ಬಣ್ಣದ ಜೀಬ್ರಾ ಪಟ್ಟಿ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಕಾಮಗಾರಿ ಜಾಗದಲ್ಲಿ ಹಾಸಿದ ಉಕ್ಕಿನ ತಗಡು, ಫ್ಲೈಓವರಿನ ಕಬ್ಬಿಣದ ಜೋಡಣೆ, ರೈಲು ಹಳಿ ಇವೆಲ್ಲ ಒದ್ದೆಯಾದರೆ ಡಾಂಬರಿಗಿಂತ ಹೆಚ್ಚು ಜಾರುತ್ತವೆ. ಇವುಗಳ ಮೇಲೆ ಬ್ರೇಕ್ ಹಿಡಿಯಬೇಡಿ, ಗಾಡಿ ವಾಲಿಸಬೇಡಿ. ಹಳಿಯನ್ನು ಆದಷ್ಟು ನೇರವಾಗಿ ದಾಟಿ. ಸಿಗ್ನಲ್ ಹತ್ತಿರ ಮತ್ತು ಬಸ್ ಸ್ಟಾಪಿನಲ್ಲಿ ಆಯಿಲ್ ಹೆಚ್ಚು ಸೋರಿರುತ್ತದೆ. ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಎಣ್ಣೆಯೇ.

ಬ್ರೇಕನ್ನು ತಿರುವಿಗೆ ಮೊದಲೇ, ಗಾಡಿ ನೇರವಾಗಿದ್ದಾಗ ಹಿಡಿಯಿರಿ. ಹಿಂದಿನ ಮತ್ತು ಮುಂದಿನ ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಮೆಲ್ಲನೆ ಒತ್ತುತ್ತಾ ಹೋಗಿ. ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಮುಂದಿನ ಚಕ್ರ ಜಾರುತ್ತದೆ, ಆಮೇಲೆ ಸರಿಪಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಎಬಿಎಸ್ ಇರುವ ಗಾಡಿಯಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕಿಲ್ಲ. ಒತ್ತಿ ಹಿಡಿಯಿರಿ, ಲಿವರ್ ನಡುಗಿದರೆ ಹೆದರಬೇಡಿ. ಆದರೆ ಎಬಿಎಸ್ ಚಕ್ರ ಕಚ್ಚಿಕೊಳ್ಳದಂತೆ ತಡೆಯುತ್ತದೆಯೇ ಹೊರತು ಜಾರುವ ರಸ್ತೆಯನ್ನು ಒಣಗಿಸುವುದಿಲ್ಲ.

ಕಾರಿನವರಿಗೆ

ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಕಾರಿನಲ್ಲಿ ಊರಿಗೆ ಹೊರಡುವವರು ನಮ್ಮಲ್ಲಿ ಬಹಳ. ಪುಣೆಯಿಂದ ಸತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಗೆ, ಚೆನ್ನೈಯಿಂದ ಕೃಷ್ಣಗಿರಿ, ಹೊಸೂರು ದಾಟಿ ಬೆಂಗಳೂರಿಗೆ ಎರಡೂ ದಾರಿ ರಾಷ್ಟ್ರೀಯ ಹೆದ್ದಾರಿ 48ರಲ್ಲೇ. ಇಂಥ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ನಿಂತ ನೀರಿನ ಮೇಲೆ ಟೈರು ರಸ್ತೆಯನ್ನು ಬಿಟ್ಟು ತೇಲುವುದುಂಟು. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾದರೆ ಅದೇ ಸೂಚನೆ. ಆಗ ಬ್ರೇಕ್ ಒದೆಯಬೇಡಿ, ಸ್ಟೀರಿಂಗ್ ತಿರುಗಿಸಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ನೇರವಾಗಿ ಹಿಡಿದುಕೊಳ್ಳಿ. ವೇಗ ಇಳಿದಂತೆ ಹಿಡಿತ ವಾಪಸ್ ಬರುತ್ತದೆ.

ನೀರನ್ನು ಪಕ್ಕಕ್ಕೆ ತಳ್ಳುವುದು ಟೈರಿನ ಗೀರುಗಳ ಕೆಲಸ. ಕಾರಿನ ಟೈರಿಗೆ ಕಾನೂನಿನ ಪ್ರಕಾರ ಕನಿಷ್ಠ 1.6 ಮಿ.ಮೀ. ಆಳವಿರಬೇಕು, ಎರಡು ಚಕ್ರದ ಗಾಡಿಗೆ 0.8 ಮಿ.ಮೀ. ಗೀರಿನೊಳಗಿನ ಸಣ್ಣ ದಿಬ್ಬ ಟೈರಿನ ಮೇಲ್ಮೈಗೆ ಸಮವಾಗಿದ್ದರೆ ಟೈರ್ ಬದಲಿಸುವ ಕಾಲ ಬಂದಿದೆ. ವೈಪರಿನ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿರುತ್ತದೆ, ಮಳೆಗೆ ಮೊದಲೇ ನೋಡಿಸಿ. ಗಾಜಿನ ಮೇಲೂ ಎಣ್ಣೆಯ ಜಿಡ್ಡು ಇರುವುದರಿಂದ ವಾಷರಿನ ನೀರು ತುಂಬಿಸಿಡಿ. ಮಳೆಯಲ್ಲಿ ಹೆಡ್‌ಲೈಟನ್ನು ಲೋ ಬೀಮಿನಲ್ಲಿ ಹಾಕಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ.

ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು

ಕಾಯಿರಿ ಎಂದೆವು. ಎಲ್ಲಿ ಕಾಯಬೇಕು ಎನ್ನುವುದೂ ಮುಖ್ಯ. ಬೇಸಿಗೆ ಮಳೆಯ ಜೊತೆಗೆ ಬಿರುಗಾಳಿ ಬರುತ್ತದೆ. 2024ರ ಮೇ 13ರಂದು ಮುಂಬೈಯ ಘಾಟ್ಕೋಪರ್‌ನಲ್ಲಿ ಇಂಥ ಗಾಳಿಗೆ ಭಾರಿ ಜಾಹೀರಾತು ಫಲಕವೊಂದು ಪೆಟ್ರೋಲ್ ಪಂಪಿನ ಮೇಲೆ ಉರುಳಿ 17 ಜನ ತೀರಿಕೊಂಡರು. ಮರ, ಫಲಕ, ವಿದ್ಯುತ್ ಕಂಬದ ಕೆಳಗೆ ನಿಲ್ಲಬೇಡಿ. ಫ್ಲೈಓವರಿನ ಕೆಳಗೆ ರಸ್ತೆಯ ಮೇಲೆಯೇ ಬೈಕ್ ನಿಲ್ಲಿಸಿಕೊಂಡರೆ ಹಿಂದಿನಿಂದ ಬರುವ ವಾಹನಕ್ಕೆ ನೀವು ಕಾಣಿಸದೇ ಹೋಗಬಹುದು. ಗಟ್ಟಿ ಕಟ್ಟಡದ ಒಳಗೆ, ಅಂಗಡಿಯ ಒಳಗೆ ಹೋಗಿ ನಿಲ್ಲಿ.

ಇನ್ನು ಅಂಡರ್‌ಪಾಸ್. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆ ನೀರಿಗೆ ಕಾರು ಸಿಕ್ಕಿಕೊಂಡು ಅದರಲ್ಲಿದ್ದ ಯುವತಿಯೊಬ್ಬರು ತೀರಿಕೊಂಡರು. ಅದೂ ಮುಂಗಾರಿಗೆ ಮೊದಲ ಮಳೆಯೇ. ನೀರಿನ ತಳ ಕಾಣದಿದ್ದರೆ ಗಾಡಿ ಇಳಿಸಬೇಡಿ, ಮುಂದಿನವರು ಹೋದರೆಂದು ನೀವೂ ಹೋಗಬೇಡಿ. ಸುತ್ತು ದಾರಿಗೆ ಅರ್ಧ ಗಂಟೆ ಹೆಚ್ಚಾಗಬಹುದು. ಚಕ್ರ ಮುಳುಗುವಷ್ಟು ನೀರು ದಾಟಿ ಬಂದಿದ್ದರೆ ಹಿಂದೆ ಯಾರೂ ಇಲ್ಲದಿರುವುದನ್ನು ನೋಡಿಕೊಂಡು, ನಿಧಾನವಾಗಿ ಹೋಗುತ್ತಾ ಬ್ರೇಕನ್ನು ಎರಡು-ಮೂರು ಸಲ ಮೆಲ್ಲನೆ ಒತ್ತಿ ಒಣಗಿಸಿಕೊಳ್ಳಿ.

ಮನೆಯಲ್ಲಿ ಹೊಸದಾಗಿ ಲೈಸೆನ್ಸ್ ಪಡೆದ ಮಗನೋ ಮಗಳೋ ಇದ್ದರೆ ಅವರಿಗೂ ಇದನ್ನು ಓದಿ ಹೇಳಿ. ಮಳೆ ಶುರುವಾದಾಗ "ಎಲ್ಲಿದ್ದೀಯಾ, ಬೇಗ ಬಾ" ಎಂದು ಫೋನ್ ಮಾಡುವ ಬದಲು "ನಿಂತು, ಮಳೆ ನೋಡಿಕೊಂಡು ನಿಧಾನವಾಗಿ ಬಾ" ಎನ್ನಿ.

ಕೇಳುತ್ತಿರಿ. ನಿಮ್ಮ ಪ್ರಯಾಣ ಸುಖಕರವಾಗಿರಲಿ.